ಜಾಲ ಬ್ಯಾಕಪ್ ತಂತ್ರಾಂಶ ಮತ್ತು ಟೇಪು ಡ್ರೈವ್: ಸಂಯೋಜನೆಯ ಕ್ರಮ

ವ್ಯಾಪಾರ ಸಂಸ್ಥೆಗಳ ಕಿರ್ದಿ, ಖತಾವಣಿ, ದಾಸ್ತಾನು ಪಟ್ಟಿ, ಬಾಕಿದಾರರ ವಿವರ, ತೆರಿಗೆ ಪತ್ರಗಳು ಇವೆಲ್ಲವೂ ಕಾಗದದ ಪುಸ್ತಕಗಳಿಂದ ಸರ್ವರಿನ ಹಾರ್ಡ್ ಡಿಸ್ಕಿಗೆ ಸ್ಥಳಾಂತರಗೊಂಡು ವರ್ಷಗಳೇ ಕಳೆದಿವೆ. ಪುಸ್ತಕದ ಒಂದು ಹಾಳೆ ಹರಿದರೆ ಮಿಕ್ಕ ಹಾಳೆಗಳು ಉಳಿಯುತ್ತಿದ್ದವು. ಡಿಸ್ಕ್ ಕೆಟ್ಟರೆ ಅಥವಾ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಒಳನುಗ್ಗಿದರೆ ಹಲವು ವರ್ಷಗಳ ಲೆಕ್ಕ ಒಮ್ಮೆಗೇ ಕೈತಪ್ಪುತ್ತದೆ. ಈ ಅಪಾಯವನ್ನು ಅರಿತು ಅನೇಕ ಸಂಸ್ಥೆಗಳು ಬ್ಯಾಕಪ್ ತಂತ್ರಾಂಶವನ್ನೂ ಟೇಪು ಡ್ರೈವನ್ನೂ ಅಳವಡಿಸಿಕೊಂಡಿವೆ. ಆದರೆ ಅಳವಡಿಸಿದವರು ಬಿಟ್ಟುಹೋದ ಮೂಲ ಸೂಚನೆಗಳಲ್ಲೇ ಆ ವ್ಯವಸ್ಥೆ ವರ್ಷಗಟ್ಟಲೆ ನಡೆಯುತ್ತಿರುವುದು ಸಾಮಾನ್ಯ. ಮೂಲ ಸೂಚನೆಗಳು ಯಾವುದೇ ಒಂದು ವ್ಯಾಪಾರದ ಅಗತ್ಯವನ್ನು ಮುಂದಿಟ್ಟುಕೊಂಡು ಬರೆದವಲ್ಲ. ಅವನ್ನು ಸಂಸ್ಥೆಯ ಅಗತ್ಯಕ್ಕೂ ಕಾನೂನಿಗೂ ತಕ್ಕಂತೆ ತಿದ್ದಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಅಗತ್ಯ

2013ರ ಕಂಪನಿಗಳ ಕಾಯಿದೆಯ 128ನೇ ಕಲಮಿನ ಪ್ರಕಾರ ಕಂಪನಿಗಳು ಹಿಂದಿನ 8 ಹಣಕಾಸು ವರ್ಷಗಳಿಗೆ ಕಡಿಮೆಯಿಲ್ಲದಂತೆ ಲೆಕ್ಕಪುಸ್ತಕಗಳನ್ನು ಕಾಪಾಡಿಕೊಂಡು ಬರಬೇಕು. ಲೆಕ್ಕಪುಸ್ತಕಗಳನ್ನು ವಿದ್ಯುನ್ಮಾನ ರೂಪದಲ್ಲಿ ಇಡುವ ಕಂಪನಿಗಳು ಅವುಗಳ ಬ್ಯಾಕಪ್ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಇಡಬೇಕೆಂಬುದು 2014ರ ಕಂಪನಿ ಲೆಕ್ಕಪತ್ರ ನಿಯಮಗಳ ಷರತ್ತು. ಮೊದಲು ಈ ಪ್ರತಿಯನ್ನು ‘ನಿಯತಕಾಲಿಕವಾಗಿ’ ಇಟ್ಟರೆ ಸಾಕಿತ್ತು. 2022ರ ಆಗಸ್ಟ್ ತಿದ್ದುಪಡಿಯ ನಂತರ ಅದು ‘ಪ್ರತಿದಿನ’ ಎಂದಾಗಿದೆ. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 36ನೇ ಕಲಮು ಕಂಪನಿಯಲ್ಲದ ನೋಂದಾಯಿತ ವ್ಯಾಪಾರಿಗಳಿಗೂ ಅನ್ವಯಿಸುತ್ತದೆ. ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಮುಗಿಯುವವರೆಗೆ ಲೆಕ್ಕ ಮತ್ತು ದಾಖಲೆಗಳನ್ನು ಇಟ್ಟುಕೊಳ್ಳಬೇಕೆಂದು ಅದು ವಿಧಿಸುತ್ತದೆ.

ಹೀಗಾಗಿ ಬ್ಯಾಕಪ್ ವ್ಯವಸ್ಥೆ ಎರಡು ಕೆಲಸಗಳನ್ನು ಏಕಕಾಲಕ್ಕೆ ನಿರ್ವಹಿಸಬೇಕಾಗಿದೆ. ನಿನ್ನೆ ಸಂಜೆಯ ಲೆಕ್ಕವನ್ನು ಇಂದು ಬೆಳಿಗ್ಗೆ ಕೊಡಬೇಕು. ಎಂಟು ವರ್ಷದ ಹಿಂದಿನ ಲೆಕ್ಕವನ್ನೂ ಕೇಳಿದಾಗ ಕೊಡಬೇಕು. ಈ ಎರಡಕ್ಕೂ ಒಂದೇ ಸಂಯೋಜನೆ ಸಾಲುವುದಿಲ್ಲ.

ಟೇಪು ಏಕೆ?

ಟೇಪು ಹಳೆಯ ತಂತ್ರಜ್ಞಾನವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಟೇಪಿನ ಮುಖ್ಯ ಗುಣ ಅದರ ವೇಗವೂ ಅಲ್ಲ, ಗಾತ್ರವೂ ಅಲ್ಲ. ಡ್ರೈವಿನಿಂದ ಹೊರತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಜಾಲದ ಮೂಲಕ ಯಾರೂ ತಲುಪಲಾರರು. 2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಜಿಮೇಲ್ ಸೇವೆಯಲ್ಲಿ ಸಂಗ್ರಹಣಾ ತಂತ್ರಾಂಶದ ಹೊಸ ಆವೃತ್ತಿಯಲ್ಲಿದ್ದ ದೋಷದಿಂದ ಒಂದಷ್ಟು ಬಳಕೆದಾರರ ಅಂಚೆ ಮಾಯವಾಯಿತು. ಹಲವು ಕೇಂದ್ರಗಳಲ್ಲಿದ್ದ ಡಿಸ್ಕ್ ಪ್ರತಿಗಳಿಗೂ ಆ ದೋಷ ತಟ್ಟಿತ್ತು. ಜಾಲದಿಂದ ಹೊರಗಿದ್ದ ಟೇಪುಗಳಿಗೆ ಮಾತ್ರ ತಟ್ಟಿರಲಿಲ್ಲ. ಅಂಚೆಯನ್ನು ಮರಳಿ ಪಡೆದದ್ದು ಟೇಪಿನಿಂದಲೇ.

2022ರ ನವೆಂಬರ್ 23ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಮೇಲೆ ನಡೆದ ಸೈಬರ್ ದಾಳಿಯಲ್ಲಿ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಬೀಗಬದ್ಧವಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ರೋಗಿಗಳ ನೋಂದಣಿಯ ದತ್ತಾಂಶವನ್ನು ದಾಳಿಗೆ ಸಿಲುಕದೆ ಉಳಿದಿದ್ದ ಬ್ಯಾಕಪ್ ಸರ್ವರಿನಿಂದ ಮರುಸ್ಥಾಪಿಸಲಾಯಿತು. ಆ ಪ್ರತಿ ಇದ್ದದ್ದು ಟೇಪಿನಲ್ಲಲ್ಲ. ಆದರೂ ಪಾಠ ಒಂದೇ: ದಾಳಿ ತಲುಪದ ಕಡೆ ಇರುವ ಪ್ರತಿಯೇ ಕೊನೆಗೆ ಕೈಹಿಡಿಯುವುದು.

ಇಷ್ಟಾದರೂ ಪ್ರತಿಯೊಬ್ಬ ವ್ಯಾಪಾರಿಗೂ ಟೇಪು ಬೇಕೆಂದಲ್ಲ. ಟೇಪಿನ ಬೆಲೆ ಕಡಿಮೆ, ಡ್ರೈವಿನ ಬೆಲೆ ಹೆಚ್ಚು. ಒಂದೆರಡು ಗಣಕಗಳಿರುವ ಅಂಗಡಿಗೆ ದಿನ ಬಿಟ್ಟು ದಿನ ಬದಲಿಸುವ ಎರಡು ಹೊರ ಡಿಸ್ಕುಗಳು ಸಾಕು. ಹಲವು ಸರ್ವರುಗಳೂ ಟೆರಾಬೈಟುಗಳಷ್ಟು ದತ್ತಾಂಶವೂ ವರ್ಷಗಳ ಸಂಗ್ರಹಣೆಯೂ ಇರುವಲ್ಲಿ ಟೇಪಿನ ಲೆಕ್ಕಾಚಾರ ಗಿಟ್ಟುತ್ತದೆ.

ತಂತ್ರಾಂಶದ ಅಂಗಗಳು

ಮಾರುಕಟ್ಟೆಯಲ್ಲಿರುವ ಜಾಲ ಬ್ಯಾಕಪ್ ತಂತ್ರಾಂಶಗಳ ಹೆಸರು ಬೇರೆ ಬೇರೆಯಾದರೂ ಒಳರಚನೆ ಹೆಚ್ಚುಕಡಿಮೆ ಒಂದೇ. ಮುಕ್ತ ತಂತ್ರಾಂಶವಾದ ಬಾಕ್ಯುಲಾವನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಅದರಲ್ಲಿ ಮೂರು ಅಂಗಗಳಿವೆ. ಯಾವ ಕೆಲಸ ಯಾವಾಗ ನಡೆಯಬೇಕೆಂದು ಆಜ್ಞಾಪಿಸುವುದು ‘ಡೈರೆಕ್ಟರ್’. ಪ್ರತಿ ಸರ್ವರಿನಲ್ಲಿ ಕುಳಿತು ಕಡತಗಳನ್ನು ಓದಿ ಕಳುಹಿಸುವುದು ‘ಫೈಲ್ ಡೀಮನ್’. ಬಂದದ್ದನ್ನು ಟೇಪಿಗೆ ಬರೆಯುವುದು ‘ಸ್ಟೋರೇಜ್ ಡೀಮನ್’. ಇವುಗಳ ಜೊತೆಗೆ ಯಾವ ಕಡತ ಯಾವ ಟೇಪಿನ ಯಾವ ಭಾಗದಲ್ಲಿದೆ ಎಂಬ ಸೂಚಿಯನ್ನು ಒಂದು ದತ್ತಸಂಚಯದಲ್ಲಿ ಇಡಲಾಗುತ್ತದೆ. ಅದಕ್ಕೆ ‘ಕ್ಯಾಟಲಾಗ್’ ಎಂದು ಹೆಸರು. ಉಗ್ರಾಣಕ್ಕೆ ಹೋಲಿಸುವುದಾದರೆ ಡೈರೆಕ್ಟರ್ ವ್ಯವಸ್ಥಾಪಕ, ಫೈಲ್ ಡೀಮನ್ ಸರಕು ಕಳುಹಿಸುವ ಗುಮಾಸ್ತ, ಸ್ಟೋರೇಜ್ ಡೀಮನ್ ಉಗ್ರಾಣಿಕ, ಕ್ಯಾಟಲಾಗ್ ದಾಸ್ತಾನು ಪುಸ್ತಕ.

ಮೂಲ ಸಂಯೋಜನೆಯಲ್ಲಿ ಇವು 9101, 9102 ಮತ್ತು 9103ನೇ ಪೋರ್ಟುಗಳ ಮೂಲಕ ಮಾತನಾಡುತ್ತವೆ. ಡೈರೆಕ್ಟರ್ ಆಜ್ಞೆಯನ್ನು ಮಾತ್ರ ಕೊಡುತ್ತದೆ. ದತ್ತಾಂಶ ಫೈಲ್ ಡೀಮನ್‌ನಿಂದ ನೇರವಾಗಿ ಸ್ಟೋರೇಜ್ ಡೀಮನ್‌ಗೆ ಹರಿಯುತ್ತದೆ. ಬ್ಯಾಕಪ್ ನಿಧಾನವೆಂಬ ದೂರು ಬಂದಾಗ ಪರೀಕ್ಷಿಸಬೇಕಾದದ್ದು ಈ ಹರಿವಿನ ದಾರಿಯನ್ನು.

ಎರಡು ಪ್ರಶ್ನೆಗಳು, ಒಂದು ಲೆಕ್ಕ

ಸಂಯೋಜನೆಗೆ ಕೈಹಾಕುವ ಮೊದಲು ಸಂಸ್ಥೆಯ ಮಾಲೀಕರು ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಡಬೇಕು. ಎಷ್ಟು ಹೊತ್ತಿನ ನಮೂದುಗಳು ಕಳೆದುಹೋದರೆ ರಸೀತಿಗಳನ್ನು ನೋಡಿ ಮತ್ತೆ ಬರೆದುಕೊಳ್ಳಲು ಸಾಧ್ಯ? ಸರ್ವರ್ ನಿಂತ ಎಷ್ಟು ಗಂಟೆಯೊಳಗೆ ವ್ಯವಹಾರ ಪುನರಾರಂಭವಾಗಬೇಕು? ಮೊದಲ ಉತ್ತರ ಬ್ಯಾಕಪ್ ಎಷ್ಟು ಸಲ ನಡೆಯಬೇಕೆಂಬುದನ್ನು ನಿರ್ಧರಿಸುತ್ತದೆ. ಎರಡನೆಯದು ಯಾವ ದತ್ತಾಂಶವನ್ನು ಟೇಪಿನ ಜೊತೆಗೆ ಡಿಸ್ಕಿನಲ್ಲಿಯೂ ಇಡಬೇಕೆಂಬುದನ್ನು ನಿರ್ಧರಿಸುತ್ತದೆ. ಇವು ತಂತ್ರಜ್ಞರು ಉತ್ತರಿಸಬಹುದಾದ ಪ್ರಶ್ನೆಗಳಲ್ಲ.

ನಂತರ ಒಂದು ಸರಳ ಲೆಕ್ಕ. ಒಂದು ಸಂಸ್ಥೆಯ ಸರ್ವರುಗಳಲ್ಲಿ ಒಟ್ಟು 1.2 ಟೆರಾಬೈಟ್ ದತ್ತಾಂಶವಿದೆಯೆಂದೂ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಅಂದರೆ 8 ಗಂಟೆ, ಬ್ಯಾಕಪ್‌ಗೆ ಸಿಗುತ್ತದೆಯೆಂದೂ ಇಟ್ಟುಕೊಳ್ಳೋಣ. 12,00,000 ಮೆಗಾಬೈಟನ್ನು 28,800 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 42 ಮೆಗಾಬೈಟ್ ಹರಿಯಬೇಕು. ಜಾಲದಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಸಾಮರ್ಥ್ಯದ ಹಳೆಯ ಸ್ವಿಚ್ ಒಂದು ಎಲ್ಲಿಯಾದರೂ ಉಳಿದಿದ್ದರೆ ಅದರ ಮೂಲಕ ಹೆಚ್ಚೆಂದರೆ 12 ಮೆಗಾಬೈಟ್ ಹರಿಯಬಲ್ಲದು. ಆಗ ಇದೇ ಕೆಲಸಕ್ಕೆ ಸುಮಾರು 30 ಗಂಟೆ ಹಿಡಿಯುತ್ತದೆ. ಸೆಕೆಂಡಿಗೆ 1 ಗಿಗಾಬಿಟ್ ಜಾಲದಲ್ಲಿ 100 ಮೆಗಾಬೈಟ್ ಹರಿದರೆ 3 ಗಂಟೆ 20 ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ದುಬಾರಿ ಡ್ರೈವ್ ಕೊಳ್ಳುವ ಮುನ್ನ ಸ್ವಿಚ್ಚು ಮತ್ತು ಕೇಬಲುಗಳನ್ನು ಪರಿಶೀಲಿಸಬೇಕೆನ್ನುವುದು ಈ ಕಾರಣದಿಂದಲೇ. ಬ್ಯಾಕಪ್ ಹಗಲಿನ ಕೆಲಸಕ್ಕೆ ಅಡ್ಡಿಯಾಗದಂತೆ ಸರ್ವರುಗಳಿಗೆ ಎರಡನೆಯ ಜಾಲ ಕಾರ್ಡ್ ಹಾಕಿ ಪ್ರತ್ಯೇಕ ಸ್ವಿಚ್ ಕೊಡುವುದು ಇನ್ನೂ ಉತ್ತಮ.

ಟೇಪಿಗೆ ನಿಧಾನವೇ ಶತ್ರು

ಇಂದು ಬಳಕೆಯಲ್ಲಿರುವ ಟೇಪುಗಳಲ್ಲಿ ಪ್ರಮುಖವಾದದ್ದು ಎಲ್‌ಟಿಒ ಮಾದರಿ. 2000ದಲ್ಲಿ ಬಂದ ಇದರ ಮೊದಲ ಪೀಳಿಗೆ 100 ಗಿಗಾಬೈಟ್ ಹಿಡಿಯುತ್ತಿತ್ತು. 2012ರ ಎಲ್‌ಟಿಒ-6 ಪೀಳಿಗೆಯ ಟೇಪು 2.5 ಟೆರಾಬೈಟ್ ಹಿಡಿದು ಸೆಕೆಂಡಿಗೆ 160 ಮೆಗಾಬೈಟ್ ಬರೆಯುತ್ತದೆ. 2017ರ ಎಲ್‌ಟಿಒ-8ಕ್ಕೆ ಈ ಅಂಕಿಗಳು 12 ಟೆರಾಬೈಟ್ ಮತ್ತು 360 ಮೆಗಾಬೈಟ್. 2021ರ ಎಲ್‌ಟಿಒ-9ಕ್ಕೆ 18 ಟೆರಾಬೈಟ್ ಮತ್ತು 400 ಮೆಗಾಬೈಟ್. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿರುವುದು ಇದಕ್ಕಿಂತ ದೊಡ್ಡ ಅಂಕಿ. ಎಲ್‌ಟಿಒ-6ರ ಡಬ್ಬಿಯಲ್ಲಿ 6.25 ಟೆರಾಬೈಟ್ ಎಂದಿರುತ್ತದೆ. ದತ್ತಾಂಶವನ್ನು ಎರಡೂವರೆ ಪಟ್ಟು ಅಡಕಗೊಳಿಸಬಹುದೆಂಬ ಊಹೆಯ ಮೇಲೆ ನಿಂತ ಅಂಕಿ ಅದು. ಸ್ಕ್ಯಾನ್ ಮಾಡಿದ ಬಿಲ್ಲುಗಳು, ಛಾಯಾಚಿತ್ರಗಳು ಮೊದಲೇ ಅಡಕವಾಗಿರುವುದರಿಂದ ಮತ್ತೆ ಅಡಕವಾಗುವುದಿಲ್ಲ. ಖರೀದಿಯ ಲೆಕ್ಕಕ್ಕೆ ಚಿಕ್ಕ ಅಂಕಿಯನ್ನೇ ಹಿಡಿಯಬೇಕು.

ಟೇಪು ಡ್ರೈವಿನ ಸ್ವಭಾವ ಡಿಸ್ಕಿನ ಸ್ವಭಾವಕ್ಕಿಂತ ಭಿನ್ನ. ದತ್ತಾಂಶ ತಡವಾಗಿ ಬಂದರೆ ಡಿಸ್ಕ್ ಸುಮ್ಮನೆ ಕಾಯುತ್ತದೆ. ಟೇಪು ಓಡುತ್ತಿರುವ ವಸ್ತು. ಬರೆಯಲು ಏನೂ ಬಾರದಿದ್ದಾಗ ಅದು ನಿಲ್ಲಬೇಕು, ತುಸು ಹಿಂದಕ್ಕೆ ಸುತ್ತಿಕೊಳ್ಳಬೇಕು, ಮತ್ತೆ ವೇಗ ಹಿಡಿದು ಬಿಟ್ಟ ಜಾಗದಿಂದ ಬರೆಯಬೇಕು. ಬೂಟಿಗೆ ಪಾಲಿಶ್ ಹಾಕುವವನು ಬಟ್ಟೆಯನ್ನು ಅತ್ತಿತ್ತ ಎಳೆದಾಡುವಂತೆ ಕಾಣುವುದರಿಂದ ತಂತ್ರಜ್ಞರು ಇದಕ್ಕೆ ‘ಶೂ ಶೈನಿಂಗ್’ ಎನ್ನುತ್ತಾರೆ. ಇದರಿಂದ ಸಮಯ ವ್ಯರ್ಥವಾಗುವುದಲ್ಲದೆ ಟೇಪೂ ಡ್ರೈವಿನ ಬರೆಯುವ ತಲೆಯೂ ಸವೆಯುತ್ತವೆ.

ಆಧುನಿಕ ಡ್ರೈವುಗಳು ಬರುವ ಹರಿವಿಗೆ ತಕ್ಕಂತೆ ತಮ್ಮ ವೇಗವನ್ನು ತಗ್ಗಿಸಿಕೊಳ್ಳಬಲ್ಲವು. ಆದರೆ ಅದಕ್ಕೂ ಒಂದು ಕೆಳಮಿತಿಯಿದೆ. ಸ್ಥೂಲವಾಗಿ ಅದು ಪೂರ್ಣ ವೇಗದ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ನಿಖರ ಅಂಕಿಯನ್ನು ಆಯಾ ತಯಾರಕರ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಒಂದು ಗಿಗಾಬಿಟ್ ಜಾಲದಿಂದ ನೇರವಾಗಿ ಬರೆಯುವ ಸಂಸ್ಥೆ ಹೊಸ ಪೀಳಿಗೆಯ ಅತಿವೇಗದ ಡ್ರೈವ್ ಕೊಂಡರೆ ಕೆಲಸ ಬೇಗ ಮುಗಿಯುವ ಬದಲು ಡ್ರೈವ್ ಬೇಗ ಸವೆಯುವ ಸಂಭವವಿದೆ. ಡ್ರೈವಿನ ವೇಗ ಜಾಲದ ವೇಗಕ್ಕೆ ಹೊಂದಬೇಕು. ಇಲ್ಲವೇ ಎರಡರ ನಡುವೆ ಒಂದು ಕಟ್ಟೆ ಬೇಕು.

ಆ ಕಟ್ಟೆಯೇ ಸ್ಪೂಲ್

ಕೆರೆಗೆ ಹನಿಹನಿಯಾಗಿ ನೀರು ಸೇರಿದರೂ ತೂಬು ತೆರೆದಾಗ ಕಾಲುವೆ ತುಂಬಿ ಹರಿಯುತ್ತದೆ. ಸ್ಪೂಲ್ ಮಾಡುವ ಕೆಲಸವೂ ಅದೇ. ಬೇರೆ ಬೇರೆ ಸರ್ವರುಗಳಿಂದ ನಿಧಾನವಾಗಿ ಬರುವ ದತ್ತಾಂಶವನ್ನು ಮೊದಲು ಬ್ಯಾಕಪ್ ಸರ್ವರಿನ ಡಿಸ್ಕಿನಲ್ಲಿ ಶೇಖರಿಸಿ, ಸಾಕಷ್ಟು ಸೇರಿದ ಮೇಲೆ ಒಂದೇ ಓಟದಲ್ಲಿ ಟೇಪಿಗೆ ಬರೆಯಲಾಗುತ್ತದೆ. ಬಾಕ್ಯುಲಾದಲ್ಲಿ ಕೆಲಸದ ವಿವರಣೆಯಲ್ಲಿ ‘ಸ್ಪೂಲ್ ಡೇಟಾ’ ಎಂಬುದಕ್ಕೆ ‘ಯೆಸ್’ ಎಂದು ಕೊಟ್ಟು, ಡ್ರೈವಿನ ವಿವರಣೆಯಲ್ಲಿ ಸ್ಪೂಲ್ ಇರಬೇಕಾದ ಜಾಗ ಮತ್ತು ಅದರ ಗರಿಷ್ಠ ಗಾತ್ರವನ್ನು ನಮೂದಿಸಬೇಕು.

ಇಲ್ಲಿ ಮೂರು ವಿಷಯಗಳು ಗಮನಾರ್ಹ. ಮೊದಲನೆಯದಾಗಿ, ಸ್ಪೂಲ್ ಡಿಸ್ಕ್ ಟೇಪಿಗಿಂತ ವೇಗವಾಗಿರಬೇಕು. ನಿಧಾನದ ಹಳೆಯ ಡಿಸ್ಕನ್ನು ಇದಕ್ಕೆ ಬಳಸಿದರೆ ಕಟ್ಟೆ ಕಟ್ಟಿದ ಉದ್ದೇಶವೇ ವಿಫಲ; ಎಸ್‌ಎಸ್‌ಡಿ ಸೂಕ್ತ. ಎರಡನೆಯದಾಗಿ, ಒಂದು ಕೆಲಸದ ಸ್ಪೂಲ್ ಟೇಪಿಗೆ ಇಳಿಯುವಾಗ ಆ ಕೆಲಸದ ಶೇಖರಣೆ ನಿಲ್ಲುತ್ತದೆ. ಆದ್ದರಿಂದ ಒಂದೇ ಸರ್ವರ್ ಇರುವಲ್ಲಿ ಸ್ಪೂಲಿನಿಂದ ಒಟ್ಟು ಸಮಯ ಹೆಚ್ಚಬಹುದು. ಹಲವು ಸರ್ವರುಗಳಿರುವಲ್ಲಿ ಒಂದು ಇಳಿಯುವಾಗ ಇನ್ನೊಂದು ಶೇಖರಿಸುತ್ತಿರುವುದರಿಂದ ಲಾಭ ಸ್ಪಷ್ಟ. ಮೂರನೆಯದು ಮರುಸ್ಥಾಪನೆಗೆ ಸಂಬಂಧಿಸಿದ್ದು. ಸ್ಪೂಲ್ ಇಲ್ಲದೆ ಹಲವು ಕೆಲಸಗಳನ್ನು ಒಟ್ಟಿಗೆ ಬರೆದರೆ ಅವುಗಳ ದತ್ತಾಂಶ ಟೇಪಿನ ಮೇಲೆ ತುಣುಕು ತುಣುಕಾಗಿ ಬೆರೆಯುತ್ತದೆ. ಬರೆಯುವಾಗ ವೇಗ ಕಂಡರೂ ಒಂದು ಸರ್ವರನ್ನು ಮರಳಿ ಪಡೆಯುವಾಗ ಉಳಿದವುಗಳ ತುಣುಕುಗಳನ್ನೂ ದಾಟಿಕೊಂಡು ಓದಬೇಕಾಗುತ್ತದೆ. ಸ್ಪೂಲ್ ಇದ್ದರೆ ಪ್ರತಿಯೊಂದರ ದತ್ತಾಂಶವೂ ದೊಡ್ಡ ಗಂಟುಗಳಾಗಿ ಕೂರುತ್ತದೆ.

ಒಟ್ಟಿಗೆ ನಡೆಯಬಹುದಾದ ಕೆಲಸಗಳ ಗರಿಷ್ಠ ಸಂಖ್ಯೆಯನ್ನು ‘ಮ್ಯಾಕ್ಸಿಮಮ್ ಕನ್‌ಕರೆಂಟ್ ಜಾಬ್ಸ್’ ಎಂಬ ಸೂಚನೆ ನಿಯಂತ್ರಿಸುತ್ತದೆ. ಇದನ್ನು ಡೈರೆಕ್ಟರಿನಲ್ಲಿ ಮಾತ್ರ ಹೆಚ್ಚಿಸಿ, ಸ್ಟೋರೇಜ್ ಮತ್ತು ಫೈಲ್ ಡೀಮನ್‌ಗಳ ವಿವರಣೆಯಲ್ಲಿ ಹಾಗೆಯೇ ಬಿಡುವುದು ಸಾಮಾನ್ಯ ಲೋಪ. ಆಗ ಕೆಲಸಗಳು ಒಂದರ ಹಿಂದೊಂದು ಸಾಲುಗಟ್ಟಿ ಬೆಳಗಾಗುವವರೆಗೂ ಕಾಯುತ್ತವೆ.

ಇತರ ಸೂಕ್ಷ್ಮ ಹೊಂದಾಣಿಕೆಗಳು

ಟೇಪಿಗೆ ಒಮ್ಮೆಗೆ ಬರೆಯುವ ಕಟ್ಟಿನ ಗಾತ್ರ ಬಾಕ್ಯುಲಾದ ಮೂಲ ಸೂಚನೆಯಲ್ಲಿ 64,512 ಬೈಟ್. ವೇಗದ ಡ್ರೈವುಗಳಿಗೆ ಇದು ಚಿಕ್ಕದು. 2,62,144 ಬೈಟಿಗೆ ಏರಿಸಿದರೆ ಸಾಮಾನ್ಯವಾಗಿ ಅನುಕೂಲ. ಆದರೆ ಈ ಬದಲಾವಣೆಯನ್ನು ಹೊಸ ಟೇಪುಗಳಿಗೆ ಹೆಸರು ಕೊಡುವ ಮೊದಲೇ ಮಾಡಬೇಕು. ನಡುವೆ ಬದಲಿಸಿದರೆ ಹಳೆಯ ಟೇಪುಗಳನ್ನು ಓದಲು ತೊಡಕಾಗಬಹುದು. ತಂತ್ರಾಂಶದೊಂದಿಗೆ ಬರುವ ‘ಬಿಟೇಪ್’ ಎಂಬ ಉಪಕರಣದಿಂದ ಡ್ರೈವ್ ಮತ್ತು ಕಟ್ಟಿನ ಗಾತ್ರ ಪರಸ್ಪರ ಹೊಂದುತ್ತವೆಯೇ ಎಂದು ಖಾಲಿ ಟೇಪಿನ ಮೇಲೆ ಪರೀಕ್ಷಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು.

ಡ್ರೈವ್ ತಾನೇ ದತ್ತಾಂಶವನ್ನು ಅಡಕಗೊಳಿಸುವುದರಿಂದ ಫೈಲ್ ಡೀಮನ್‌ನಲ್ಲಿಯೂ ಅಡಕಗೊಳಿಸುವ ಸೂಚನೆ ಕೊಡುವುದು ವ್ಯರ್ಥ ಶ್ರಮ. ಅದರಿಂದ ಸರ್ವರಿನ ಪ್ರೊಸೆಸರ್ ದಣಿದು ಹರಿವು ಕುಗ್ಗುತ್ತದೆ. ದತ್ತಾಂಶಕ್ಕೆ ಗೂಢಲಿಪಿಯ ರಕ್ಷಣೆ ಬೇಕಿದ್ದರೆ ಎಲ್‌ಟಿಒ-4ರಿಂದ ಮುಂದಿನ ಡ್ರೈವುಗಳಲ್ಲಿ ಆ ಸೌಲಭ್ಯವಿದೆ. ಅದರ ಕೀಲಿಯನ್ನು ಬ್ಯಾಕಪ್ ಸರ್ವರಿನಲ್ಲಿ ಮಾತ್ರ ಇಟ್ಟರೆ, ಸರ್ವರ್ ಹೋದ ದಿನ ಟೇಪುಗಳೂ ಹೋದಂತೆಯೇ.

ಅದೆಷ್ಟು ಹೊಂದಿಸಿದರೂ ವೇಗ ಏರದಿದ್ದರೆ ಮೂಲ ಸರ್ವರನ್ನು ಗಮನಿಸಬೇಕು. ಲಕ್ಷಾಂತರ ಚಿಕ್ಕ ಕಡತಗಳಿರುವ ಡಿಸ್ಕ್ ಒಂದೊಂದನ್ನೂ ಹುಡುಕಿ ತೆರೆಯುವುದರಲ್ಲೇ ಸಮಯ ಕಳೆಯುತ್ತದೆ. ಪ್ರತಿ ಕೆಲಸದ ವರದಿಯಲ್ಲಿಯೂ ಹರಿವಿನ ದರ ನಮೂದಾಗಿರುತ್ತದೆ. ಒಂದು ವಾರದ ದರಗಳನ್ನು ಸರ್ವರುವಾರು ಬರೆದಿಟ್ಟುಕೊಂಡರೆ ಅಡಚಣೆ ಒಂದು ಸರ್ವರಿನದೋ ಇಡೀ ಜಾಲದ್ದೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ತೆರೆದಿರುವ ಲೆಕ್ಕಪುಸ್ತಕ

ಯಾರೋ ನಮೂದು ಮಾಡುತ್ತಿರುವಾಗಲೇ ದತ್ತಸಂಚಯದ ಕಡತವನ್ನು ನಕಲು ಮಾಡಿದರೆ ಮೊದಲರ್ಧ ಹತ್ತು ಗಂಟೆಯದೂ ಕೊನೆಯರ್ಧ ಹತ್ತೂಕಾಲರದೂ ಆದ ಪ್ರತಿ ಸಿಗುತ್ತದೆ. ಅಂಥ ಪ್ರತಿ ಮರುಸ್ಥಾಪನೆಯ ದಿನ ತೆರೆಯದೆ ಹೋಗಬಹುದು. ಇದಕ್ಕೆ ಎರಡು ಪರಿಹಾರಗಳಿವೆ. ವಿಂಡೋಸ್ ಸರ್ವರುಗಳಲ್ಲಿ ‘ವಾಲ್ಯೂಮ್ ಶ್ಯಾಡೋ ಕಾಪಿ’ ಎಂಬ ಸೌಲಭ್ಯ ಒಂದು ಕ್ಷಣದ ಸ್ಥಿರಚಿತ್ರವನ್ನು ಹಿಡಿದುಕೊಡುತ್ತದೆ. ಫೈಲ್ ಡೀಮನ್ ಅದನ್ನು ಬಳಸಬಲ್ಲದು. ದತ್ತಸಂಚಯಗಳಿಗೆ ಇನ್ನೂ ಸುರಕ್ಷಿತವಾದ ದಾರಿಯೆಂದರೆ, ಬ್ಯಾಕಪ್ ಆರಂಭವಾಗುವ ಮುನ್ನ ಆ ದತ್ತಸಂಚಯದ್ದೇ ಉಪಕರಣದಿಂದ ಪೂರ್ಣ ನಕಲು ಕಡತವೊಂದನ್ನು ತಯಾರಿಸಿ ಅದನ್ನು ಟೇಪಿಗೆ ಕಳುಹಿಸುವುದು. ಕೆಲಸಕ್ಕೆ ಮೊದಲು ನಡೆಯಬೇಕಾದ ಆಜ್ಞೆಯನ್ನು ಸಂಯೋಜನೆಯಲ್ಲಿಯೇ ಬರೆದಿಡಲು ಅವಕಾಶವಿದೆ. ಆ ಆಜ್ಞೆ ವಿಫಲವಾದರೆ ಇಡೀ ಕೆಲಸ ವಿಫಲವೆಂದು ವರದಿಯಾಗುವಂತೆ ನೋಡಿಕೊಳ್ಳಬೇಕು. ಟ್ಯಾಲಿಯಂಥ ಲೆಕ್ಕ ತಂತ್ರಾಂಶ ಬಳಸುವವರು ರಾತ್ರಿ ಎಲ್ಲ ಗಣಕಗಳಲ್ಲಿಯೂ ಅದನ್ನು ಮುಚ್ಚಿ ಹೋಗುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು.

ವೇಳಾಪಟ್ಟಿ ಮತ್ತು ಕಾಯ್ದಿಡುವ ಅವಧಿ

ಬ್ಯಾಕಪ್‌ನಲ್ಲಿ ಮೂರು ಬಗೆ. ಎಲ್ಲವನ್ನೂ ಬರೆಯುವುದು ಪೂರ್ಣ ಬ್ಯಾಕಪ್. ಕಳೆದ ಪೂರ್ಣ ಬ್ಯಾಕಪ್‌ನಿಂದೀಚೆಗೆ ಬದಲಾದದ್ದನ್ನು ಬರೆಯುವುದು ವ್ಯತ್ಯಾಸ ಬ್ಯಾಕಪ್. ಹಿಂದಿನ ಯಾವುದೇ ಬ್ಯಾಕಪ್‌ನಿಂದೀಚೆಗೆ ಬದಲಾದದ್ದನ್ನು ಬರೆಯುವುದು ಏರಿಕೆ ಬ್ಯಾಕಪ್. ಬಾಕ್ಯುಲಾದೊಂದಿಗೆ ಬರುವ ಮಾದರಿ ವೇಳಾಪಟ್ಟಿಯಲ್ಲಿ ತಿಂಗಳ ಮೊದಲ ಭಾನುವಾರ ರಾತ್ರಿ 11.05ಕ್ಕೆ ಪೂರ್ಣ, ಉಳಿದ ಭಾನುವಾರಗಳಲ್ಲಿ ವ್ಯತ್ಯಾಸ, ಸೋಮವಾರದಿಂದ ಶನಿವಾರದವರೆಗೆ ಏರಿಕೆ ಬ್ಯಾಕಪ್ ನಡೆಯುತ್ತದೆ. ನಾಲ್ಕನೇ ಭಾನುವಾರದ ನಂತರದ ಗುರುವಾರ ಮಧ್ಯಾಹ್ನ ಡಿಸ್ಕ್ ಕೆಟ್ಟರೆ ಒಂದು ಪೂರ್ಣ, ಒಂದು ವ್ಯತ್ಯಾಸ, ಮೂರು ಏರಿಕೆ, ಹೀಗೆ ಐದು ಬ್ಯಾಕಪ್‌ಗಳಿಂದ ದತ್ತಾಂಶ ಮರಳುತ್ತದೆ. ಗುರುವಾರ ಬೆಳಗಿನ ನಮೂದುಗಳನ್ನು ಮಾತ್ರ ರಸೀತಿ ನೋಡಿ ಬರೆದುಕೊಳ್ಳಬೇಕು. ಹೆಚ್ಚಿನ ಸಂಸ್ಥೆಗಳಿಗೆ ಈ ವೇಳಾಪಟ್ಟಿ ಸಾಕು.

ಅಪಾಯವಿರುವುದು ಅವಧಿಯ ಸೂಚನೆಗಳಲ್ಲಿ. ಟೇಪಿನಲ್ಲಿರುವುದನ್ನು ಎಷ್ಟು ಕಾಲ ಕಾಯಬೇಕೆಂಬ ‘ವಾಲ್ಯೂಮ್ ರಿಟೆನ್ಷನ್’ ಮೂಲ ಸೂಚನೆಯಲ್ಲಿ 365 ದಿನ. ಆ ಗಡುವು ಮೀರಿದ ಟೇಪನ್ನು ತಂತ್ರಾಂಶ ಹಳೆಯದೆಂದು ಪರಿಗಣಿಸುತ್ತದೆ. ಮರುಬಳಕೆಗೆ ಅನುಮತಿಯಿದ್ದರೆ ಅದರ ಮೇಲೆಯೇ ಹೊಸದನ್ನು ಬರೆಯುತ್ತದೆ. ಕಾನೂನು 8 ವರ್ಷ ಕೇಳುತ್ತಿರುವಾಗ ಮೂಲ ಸೂಚನೆಯಲ್ಲಿಯೇ ನಡೆಯುವ ವ್ಯವಸ್ಥೆ ಒಂದು ವರ್ಷದ ನಂತರ ತನ್ನ ಕೈಯಾರೆ ಹಳೆಯ ಲೆಕ್ಕವನ್ನು ಅಳಿಸುತ್ತಿರಬಹುದು. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಏಕೆಂದರೆ ತಂತ್ರಾಂಶದ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ನಡೆದಿದೆ. ಕಡತಗಳ ಹೆಸರುಗಳನ್ನು ಕ್ಯಾಟಲಾಗಿನಲ್ಲಿ ಇಟ್ಟುಕೊಳ್ಳುವ ಅವಧಿಯಂತೂ 60 ದಿನ ಮಾತ್ರ. ಆ ಮೇಲೆ ಟೇಪಿನಲ್ಲಿ ದತ್ತಾಂಶವಿದ್ದರೂ ಬೇಕಾದ ಒಂದೇ ಕಡತವನ್ನು ಆರಿಸಿ ತೆಗೆಯುವುದು ಕಷ್ಟ.

ಇದಕ್ಕೆ ಪರಿಹಾರ ಟೇಪುಗಳನ್ನು ಗುಂಪುಗಳಾಗಿ ವಿಂಗಡಿಸುವುದು. ದಿನದ ಗುಂಪಿಗೆ ಒಂದು ತಿಂಗಳು, ವಾರದ ಗುಂಪಿಗೆ ಮೂರು ತಿಂಗಳು, ತಿಂಗಳ ಗುಂಪಿಗೆ ಒಂದು ವರ್ಷಕ್ಕಿಂತ ತುಸು ಹೆಚ್ಚು, ವರ್ಷದ ಗುಂಪಿಗೆ 9 ಅಥವಾ 10 ವರ್ಷ ಎಂದು ಅವಧಿ ಕೊಡಬಹುದು. ವರ್ಷದ ಗುಂಪಿನ ಟೇಪುಗಳಿಗೆ ಮರುಬಳಕೆಯನ್ನು ನಿಷೇಧಿಸಿ, ಬರೆದ ಕೂಡಲೇ ಟೇಪಿನ ಅಂಚಿನಲ್ಲಿರುವ ತಿದ್ದುವಿಕೆ ತಡೆಯ ಕೀಲನ್ನು ಸರಿಸಬೇಕು. ಒಮ್ಮೆ ಮಾತ್ರ ಬರೆಯಬಹುದಾದ ವಿಶೇಷ ಟೇಪುಗಳೂ ಎಲ್‌ಟಿಒ-3ರಿಂದೀಚೆಗೆ ದೊರೆಯುತ್ತವೆ. ಯಾವ ದಾಖಲೆಗೆ ಎಷ್ಟು ವರ್ಷ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಕುಳಿತು ನಿರ್ಧರಿಸತಕ್ಕದ್ದು.

ಟೇಪನ್ನು ಕಾದಿಟ್ಟರೆ ಸಾಲದು, ಅದನ್ನು ಓದುವ ಡ್ರೈವನ್ನೂ ಕಾದಿಡಬೇಕು. ಎಲ್‌ಟಿಒ-7ರವರೆಗಿನ ಡ್ರೈವುಗಳು ಹಿಂದಿನ ಎರಡು ಪೀಳಿಗೆಯ ಟೇಪುಗಳನ್ನು ಓದುತ್ತಿದ್ದವು. ಎಲ್‌ಟಿಒ-8 ಮತ್ತು 9 ಹಿಂದಿನ ಒಂದೇ ಪೀಳಿಗೆಯನ್ನು ಓದುತ್ತವೆ. 2025ರಲ್ಲಿ ಬಂದ ಎಲ್‌ಟಿಒ-10 ಹಿಂದಿನ ಯಾವ ಟೇಪನ್ನೂ ಓದುವುದಿಲ್ಲ. ಆದ್ದರಿಂದ ಎಲ್‌ಟಿಒ-6ರಲ್ಲಿ ಬರೆದ ಲೆಕ್ಕವಿರುವ ಸಂಸ್ಥೆ ಎಲ್‌ಟಿಒ-8 ಡ್ರೈವ್ ಕೊಂಡು ಹಳೆಯದನ್ನು ಗುಜರಿಗೆ ಹಾಕಿದರೆ ಆ ಲೆಕ್ಕ ಕಣ್ಣೆದುರಿಗಿದ್ದೂ ಇಲ್ಲದಂತಾಗುತ್ತದೆ. ಡ್ರೈವ್ ಬದಲಿಸುವ ಮುನ್ನ ಹಳೆಯ ಟೇಪುಗಳನ್ನು ಹೊಸದಕ್ಕೆ ನಕಲು ಮಾಡಿಕೊಳ್ಳಬೇಕು.

ಕ್ಯಾಟಲಾಗಿನ ರಕ್ಷಣೆ

ದಾಸ್ತಾನು ಪುಸ್ತಕ ಸುಟ್ಟುಹೋದ ಉಗ್ರಾಣದಲ್ಲಿ ಸರಕಿದ್ದರೂ ಯಾವ ಮೂಟೆ ಎಲ್ಲಿದೆಯೆಂದು ತಿಳಿಯದು. ಬ್ಯಾಕಪ್ ಸರ್ವರಿನೊಂದಿಗೆ ಕ್ಯಾಟಲಾಗ್ ನಾಶವಾದರೆ ಟೇಪುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಸೂಚಿಯನ್ನು ಮತ್ತೆ ಕಟ್ಟುವ ಉಪಕರಣವೇನೋ ಇದೆ. ಆದರೆ ವ್ಯವಹಾರ ನಿಂತಿರುವಾಗ ಆ ಕೆಲಸ ದಿನಗಳನ್ನೇ ತಿನ್ನಬಹುದು. ಆದ್ದರಿಂದ ಪ್ರತಿರಾತ್ರಿ ಎಲ್ಲ ಕೆಲಸಗಳು ಮುಗಿದ ಮೇಲೆ ಕ್ಯಾಟಲಾಗಿನ ಬ್ಯಾಕಪ್ ನಡೆಯಬೇಕು. ಅದರ ಒಂದು ಪ್ರತಿಯೂ, ಎಲ್ಲ ಸಂಯೋಜನಾ ಕಡತಗಳೂ, ಯಾವ ಟೇಪಿನ ಯಾವ ಭಾಗ ಬೇಕೆಂದು ತಿಳಿಸುವ ‘ಬೂಟ್‌ಸ್ಟ್ರ್ಯಾಪ್’ ಕಡತಗಳೂ ಬೇರೆ ಗಣಕದಲ್ಲಿರಬೇಕು. ಬ್ಯಾಕಪ್ ಸರ್ವರಿನ ಗುಪ್ತಪದ ಕಚೇರಿಯ ಇತರ ಸರ್ವರುಗಳ ಗುಪ್ತಪದವಾಗಿರಕೂಡದು. ಒಂದೇ ಕೀಲಿಯಿಂದ ಎಲ್ಲ ಬಾಗಿಲು ತೆರೆಯುವುದಾದರೆ ದಾಳಿಕೋರನ ಕೆಲಸ ಸುಲಭ.

ಪರೀಕ್ಷೆಯಿಲ್ಲದ ಬ್ಯಾಕಪ್

2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ಮುಖ್ಯ ದತ್ತಸಂಚಯ ಕೈತಪ್ಪಿನಿಂದ ಅಳಿಸಿಹೋಯಿತು. ಬ್ಯಾಕಪ್‌ಗೆಂದು ಹಲವು ಏರ್ಪಾಡುಗಳಿದ್ದವು. ಅವುಗಳಲ್ಲೊಂದು, ನಕಲು ಮಾಡುವ ಉಪಕರಣದ ಆವೃತ್ತಿ ದತ್ತಸಂಚಯದ ಆವೃತ್ತಿಗೆ ಹೊಂದದ ಕಾರಣ ಪ್ರತಿ ಸಲವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಮಿಂಚಂಚೆಗಳನ್ನು ಅಂಚೆ ವ್ಯವಸ್ಥೆ ತಿರಸ್ಕರಿಸುತ್ತಿದ್ದುದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಕೆಲವು ಗಂಟೆಗಳ ಮುಂಚೆ ಬೇರೆ ಉದ್ದೇಶಕ್ಕಾಗಿ ತೆಗೆದಿದ್ದ ಒಂದು ಪ್ರತಿ ಸಿಕ್ಕಿ, ಸುಮಾರು ಆರು ಗಂಟೆಗಳ ದತ್ತಾಂಶವನ್ನು ಮಾತ್ರ ಕಳೆದುಕೊಂಡು ಸಂಸ್ಥೆ ಪಾರಾಯಿತು. ಈ ವಿವರಗಳನ್ನು ಆ ಸಂಸ್ಥೆಯೇ ಬಹಿರಂಗವಾಗಿ ಪ್ರಕಟಿಸಿತು.

ತಂತ್ರಜ್ಞಾನವನ್ನೇ ಕಸುಬಾಗಿಸಿಕೊಂಡ ಸಂಸ್ಥೆಯಲ್ಲಿ ಇದು ಸಂಭವಿಸಬಹುದಾದರೆ ಇತರರು ಇನ್ನಷ್ಟು ಎಚ್ಚರದಿಂದಿರಬೇಕು. ‘ತಪ್ಪಾದರೆ ಸಂದೇಶ ಬರಲಿ’ ಎಂಬುದಕ್ಕಿಂತ ‘ಸರಿಯಾದರೂ ಪ್ರತಿದಿನ ಸಂದೇಶ ಬರಲಿ’ ಎಂಬ ಕ್ರಮ ಕ್ಷೇಮ. ಸಂದೇಶ ಬಾರದ ಬೆಳಿಗ್ಗೆಯೇ ಅನುಮಾನ ಮೂಡುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಡತವನ್ನೂ, ವರ್ಷಕ್ಕೆ ಎರಡು ಸಲ ಇಡೀ ಲೆಕ್ಕದ ದತ್ತಸಂಚಯವನ್ನೂ ಬೇರೊಂದು ಗಣಕಕ್ಕೆ ಮರುಸ್ಥಾಪಿಸಿ, ಲೆಕ್ಕ ವಿಭಾಗದವರೇ ತೆರೆದು ಹಿಂದಿನ ದಿನದ ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡಬೇಕು. ಇದಕ್ಕೆ ಹಿಡಿದ ಸಮಯವನ್ನೂ ಬರೆದಿಡಬೇಕು. ಮಾಲೀಕರು ಕೊಟ್ಟ ಎರಡನೆಯ ಉತ್ತರಕ್ಕೆ ಅದು ಹೊಂದದಿದ್ದರೆ ಸಂಯೋಜನೆಯನ್ನು ಮತ್ತೆ ತಿದ್ದಬೇಕು.

ಟೇಪಿನ ಪಾಲನೆ

ದೀರ್ಘಕಾಲ ಇಡುವ ಎಲ್‌ಟಿಒ ಟೇಪುಗಳಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡಾ 20ರಿಂದ 50ರ ಆರ್ದ್ರತೆ ಸೂಕ್ತ. ಮಂಗಳೂರು, ಕಾರವಾರದಂಥ ಕರಾವಳಿಯ ಊರುಗಳಲ್ಲಿ ಸಾಮಾನ್ಯ ಕಪಾಟಿನಲ್ಲಿ ಈ ಆರ್ದ್ರತೆಯನ್ನು ಕಾಯುವುದು ಅಸಾಧ್ಯವಾದ್ದರಿಂದ ತೇವ ನಿಯಂತ್ರಿತ ಕೊಠಡಿ ಅಥವಾ ಪೆಟ್ಟಿಗೆ ಬೇಕು. ಹೊರಗಿನಿಂದ ತಂದ ಟೇಪನ್ನು ಡ್ರೈವಿನ ಕೊಠಡಿಯಲ್ಲಿ ಒಂದು ದಿನ ಬಿಟ್ಟು ಬಳಸುವುದು ವಾಡಿಕೆ. ಎಲ್‌ಟಿಒ-9ರ ಹೊಸ ಟೇಪನ್ನು ಮೊದಲ ಸಲ ಹಾಕಿದಾಗ ಡ್ರೈವ್ ಅದನ್ನು ಹದಗೊಳಿಸಿಕೊಳ್ಳಲು 40 ನಿಮಿಷದಿಂದ 2 ಗಂಟೆಯವರೆಗೆ ತೆಗೆದುಕೊಳ್ಳಬಹುದು. ಆದ್ದರಿಂದ ಹೊಸ ಟೇಪುಗಳನ್ನು ಹಗಲಿನಲ್ಲಿಯೇ ಸಿದ್ಧಪಡಿಸಿಡಬೇಕು. ಶುಚಿಗೊಳಿಸುವ ಟೇಪನ್ನು ಡ್ರೈವ್ ಕೇಳಿದಾಗ ಮಾತ್ರ ಬಳಸಬೇಕು. ವಾರಕ್ಕೊಂದು ಪೂರ್ಣ ಪ್ರತಿಯಾದರೂ ಬೇರೆ ಕಟ್ಟಡದಲ್ಲಿರಬೇಕು. ಸರ್ವರಿನ ಪಕ್ಕದ ಕಪಾಟಿನಲ್ಲಿರುವ ಟೇಪು ಬೆಂಕಿಯಿಂದ ರಕ್ಷಿಸಲಾರದು.

ಕೊನೆಯದಾಗಿ

ಬ್ಯಾಕಪ್ ವ್ಯವಸ್ಥೆಯನ್ನು ನಿರ್ವಹಿಸುವವರನ್ನು ಸಂಸ್ಥೆಯ ಆಡಳಿತ ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ ಲಿಖಿತ ಉತ್ತರ ಪಡೆಯುವುದು ಉಚಿತ.

1. ಕಳೆದ ಸಲ ಟೇಪಿನಿಂದ ದತ್ತಾಂಶ ಮರುಸ್ಥಾಪಿಸಿ ನೋಡಿದ ದಿನಾಂಕ ಯಾವುದು? ಎಷ್ಟು ಹೊತ್ತು ಹಿಡಿಯಿತು?

2. ಪ್ರತಿ ಟೇಪು ಗುಂಪಿನ ಕಾಯ್ದಿಡುವ ಅವಧಿ ಎಷ್ಟು? ವರ್ಷಾಂತ್ಯದ ಟೇಪುಗಳಿಗೆ ಮರುಬಳಕೆ ನಿಷೇಧವಾಗಿದೆಯೇ?

3. ಸರ್ವರುವಾರು ಹರಿವಿನ ದರ ಎಷ್ಟು? ಅದು ಡ್ರೈವಿನ ಕನಿಷ್ಠ ವೇಗಕ್ಕಿಂತ ಹೆಚ್ಚಿದೆಯೇ? ಇಲ್ಲವಾದರೆ ಸ್ಪೂಲ್ ಇದೆಯೇ?

4. ದತ್ತಸಂಚಯಗಳ ನಕಲು ಯಾವ ವಿಧಾನದಿಂದ ನಡೆಯುತ್ತಿದೆ?

5. ಕ್ಯಾಟಲಾಗ್, ಸಂಯೋಜನಾ ಕಡತಗಳು ಮತ್ತು ಗೂಢಲಿಪಿಯ ಕೀಲಿ ಬ್ಯಾಕಪ್ ಸರ್ವರಿನ ಹೊರಗೆ ಎಲ್ಲಿವೆ?

6. ನಮ್ಮಲ್ಲಿರುವ ಅತ್ಯಂತ ಹಳೆಯ ಟೇಪನ್ನು ಓದಬಲ್ಲ ಡ್ರೈವ್ ಸುಸ್ಥಿತಿಯಲ್ಲಿದೆಯೇ?

ಈ ಆರರಲ್ಲಿ ಒಂದಕ್ಕೆ ಉತ್ತರ ದೊರೆಯದಿದ್ದರೂ ತಿದ್ದುವ ಕೆಲಸವನ್ನು ಅಲ್ಲಿಂದಲೇ ಆರಂಭಿಸಬಹುದು. ಹೊಸ ಯಂತ್ರದ ಖರೀದಿ ಆ ನಂತರದ ಮಾತು.